ಕೊಂಡ್ಲಹಳ್ಳಿಯ ಮದುವೆ ಕಂಬಳಿ

ಮೊದಲೇ ಹೇಳಿಬಿಡ್ತೀನಿ, ನಾನು ಸುಲಭಕ್ಕೆ ತಪ್ಪು ಒಪ್ಪಿಕೊಳ್ಳೋ ಪೈಕಿ ಅಲ್ಲ. ಮೊಳಕಾಲ್ಮೂರಲ್ಲಿ ಮೂವತ್ತೆಂಟು ವರ್ಷ ಮಗ್ಗದಾಗೆ ಕೂತು ರೇಷ್ಮೆ ಸೀರೆ ನೇಯ್ದೋಳು ನಾನು. ಅಂಚು ನೋಡಿ ಯಾರ ಮನೇದು ಅಂತ ಹೇಳ್ತೀನಿ. ಸೆರಗು ನೋಡಿ, ಅದನ್ನ ನೇಯೋವಾಗ ಗಂಡ ಹೆಂಡ್ತಿ ಮಾತು ಬಿಟ್ಟಿದ್ರೋ ಇಲ್ವೋ ಅಂತಾನೂ ಹೇಳ್ತೀನಿ. ಹಂಗಿರೋ ಈ ಗೋವಿಂದಮ್ಮ ಒಂದು ಕಂಬಳೀನ ತಲೆಕೆಳಗೆ ನೇತುಹಾಕಿ, ಅದರ ಮುಂದೆ ನಿಂತು ಅರ್ಧ ಗಂಟೆ ಭಾಷಣ ಬಿಗಿದು, ಚಳ್ಳಕೆರೆ ಮಂದಿ ಎದುರಿಗೆ ಮಾನ ಕಳಕೊಂಡ್ಲು. ನಗ್ತೀರಾ? ನಗ್ರಿ, ಪರವಾಗಿಲ್ಲ. ಈಗ ನಾನೂ ನಗ್ತೀನಿ.

ಈ ಕಂಬಳಿ ಹುಚ್ಚು ನನಗೆ ಹತ್ತಿ ಹನ್ನೊಂದು ವರ್ಷ ಆಯ್ತು. ಚಳ್ಳಕೆರೆ ಬಸ್‌ಸ್ಟ್ಯಾಂಡ್ ಪಕ್ಕ ಒಂದು ಟೀ ಅಂಗಡಿ. ಮಳೆಗಾಲ. ಬಾಗಿಲಲ್ಲಿ ಕಾಲೊರೆಸೋಕೆ ಅಂತ ಒಂದು ಹಳೇ ಕರಿ ಕಂಬಳಿ ಹಾಸಿದ್ರು. ಕಾಲಿಟ್ಟೆ, ಇಟ್ಟ ಕಾಲು ಹಂಗೇ ಎತ್ತಿದೆ. ಅಂಚಲ್ಲಿ ಬಿಳೀ ಉಣ್ಣೇಲಿ ಒಂದು ಸಾಲು ಜೋಳದ ತೆನೆ ನೇಯ್ದಿದ್ರು, ಒಂದೊಂದು ಕಾಳೂ ಎಣಿಸಬಹುದಿತ್ತು! ನೇಯೋರ ಸಂಕಟ ನೇಯೋರಿಗೇ ಗೊತ್ತು. "ಏನಪ್ಪಾ, ಇದನ್ನ ಕೆಸರು ಕಾಲಿಗೆ ಹಾಕಿದೀಯಲ್ಲ, ನಿನಗೆ ಕಣ್ಣು ಐತೋ ಇಲ್ವೋ?" ಅಂತ ಅವನಿಗೆ ಚೆನ್ನಾಗಿ ಝಾಡಿಸಿ, ಎದುರು ಅಂಗಡಿಯಿಂದ ಒಂದು ಹೊಸ ಬೆಡ್‌ಶೀಟ್ ತಂದುಕೊಟ್ಟು, ಆ ಕಂಬಳೀನ ಬಗಲಲ್ಲಿ ಮಡಚಿಕೊಂಡು ಬಂದೆ.

ಅವತ್ತಿಂದ ಶುರುವಾಯ್ತು ನೋಡ್ರಿ. ಯಾವ ಹಟ್ಟೀಲಿ, ಯಾವ ಅಟ್ಟದ ಮೇಲೆ, ಯಾವ ದನದ ಮನೇಲಿ ಹಳೇ ಕಂಬಳಿ ಬಿದ್ದೈತೆ ಅಂತ ಸುಳಿವು ಸಿಕ್ಕಿದ್ರೆ ಸಾಕು, ಹೊಸ ಬೆಡ್‌ಶೀಟ್ ಹಿಡಕೊಂಡು ನಾನು ಹಾಜರು. ಕುರುಬರ ಹಟ್ಟಿಗಳಲ್ಲಿ ನನಗೆ "ಬೆಡ್‌ಶೀಟ್ ಅಮ್ಮ" ಅಂತಲೇ ಹೆಸರು ಬಿತ್ತು. ಈಗ ಮನೇಲಿ ನಲವತ್ತಮೂರು ಕಂಬಳಿ ಅವೆ. ಮಗ್ಗದ ಮನೇಲಿ ರೇಷ್ಮೆ, ನಡುಮನೇಲಿ ಉಣ್ಣೆ. ನಮ್ಮ ಯಜಮಾನ್ರು ಗುರುಸ್ವಾಮಿ ಲಗೇಜ್ ಆಟೋ ಓಡಿಸ್ತಾರೆ. ಮನೆಗೆ ಬಂದ ಕೂಡ್ಲೇ ಮೂಗು ಮುಚ್ಚಿಕೊಂಡು, "ಏಮೇ, ಇದಿ ಇಲ್ಲಾ, ಗೊರ್ರೆಲ ದೊಡ್ಡಾ?" ಅಂತಾರೆ. ನಮ್ಮ ಮನೆ ಮಾತು ತೆಲುಗು. ಇದು ಮನೆಯೋ ಕುರಿ ದೊಡ್ಡಿಯೋ ಅಂತ ಕೇಳೋದು. ಹಂಗೆ ಕೇಳೋ ಮನುಷ್ಯರೇ ಭಾನುವಾರ ಕೂತು ಒಂದೊಂದು ಮಡಿಕೆಗೂ ಬೇವಿನ ಎಲೆ ಇಡ್ತಾರೆ, ನುಸಿ ಹಿಡೀಬಾರದು ಅಂತ. ಬಾಯಲ್ಲಿ ಬೈಗುಳ, ಕೈಯಲ್ಲಿ ಬೇವಿನ ಎಲೆ. ನಮ್ಮ ಸಂಸಾರ ಹಿಂಗೇ ನಡೀತದೆ.

ಕಂಬಳಿ ಸೇರಿಸೋದರ ಜೊತೆಗೆ ಅಂಚಿನ ಗುರುತುಗಳ ಅರ್ಥ ಬರೆದಿಡೋ ಚಟಾನೂ ಹತ್ತಿತು. ಒಂದರಲ್ಲಿ ಚೇಳು, ಒಂದರಲ್ಲಿ ಹುತ್ತ, ಒಂದರಲ್ಲಿ ಬೆಟ್ಟದ ಸಾಲು. ಹಟ್ಟಿಯ ಹಿರಿಯರನ್ನ ಕೇಳ್ತಿದ್ದೆ, ಅವರು ಹೇಳಿದ್ದನ್ನ ಒಂದು ದೊಡ್ಡ ನೋಟ್‌ಬುಕ್ಕಲ್ಲಿ ಬರ್ಕೊಳ್ತಿದ್ದೆ. ಹೇಳೋರು ಸಿಗದಿದ್ದಾಗ ನಾನೇ ಯೋಚನೆ ಮಾಡಿ ಬರೀತಿದ್ದೆ. ಎಡವಿದ್ದು ಅಲ್ಲೇ.

ಹೋದ ವರ್ಷ ಕೊಂಡ್ಲಹಳ್ಳಿಯ ದೊಡ್ಡಪಾಲಯ್ಯ ಅನ್ನೋರ ಮನೇಲಿ ಒಂದು ಕಂಬಳಿ ಸಿಕ್ಕಿತು. ಶೇಂಗಾ ಮೂಟೆಗಳ ಮೇಲೆ ಹೊದಿಸಿದ್ರು. "ನಮ್ಮಪ್ಪನ ಮದುವೇಲಿ ಗಂಡು ಹೆಣ್ಣು ಕೂರಿಸಾಕೆ ಅಂತ ಹೇಳಿ ನೇಯಿಸಿದ್ದಂತೆ ಕಣಮ್ಮ. ಉಳ್ಳಾರ್ತಿ ಕಾವಲ್ ಕಡೆ ಕುರುಬರಹಟ್ಟಿಯಿಂದ ಬಂದಿದ್ದು" ಅಂದ್ರು. ಅರವತ್ತು ವರ್ಷದ ಕಂಬಳಿ, ಇನ್ನೂ ನೀರು ಹೊಯ್ದರೆ ಒಳಗಿಳೀತಿರಲಿಲ್ಲ! ಅಂಚಲ್ಲಿ ಬಿಳೀ ಉಣ್ಣೇಲಿ ಏಳು ಜೋಡಿ ಮುಕ್ಕೋನ. ಪ್ರತಿ ಜೋಡೀಲಿ ಒಂದರ ತುದಿ ಚೂಪು, ಇನ್ನೊಂದರ ತುದಿ ಸೀಳು. ನಮ್ಮ ರೇಷ್ಮೆ ಸೀರೆಯ ಅಂಚಲ್ಲಿ ಮುಕ್ಕೋನ ಬಂತು ಅಂದ್ರೆ ಅದು ಗೋಪುರ, ಬೇರೆ ಮಾತೇ ಇಲ್ಲ. ಹದಿನೆಂಟನೇ ವಯಸ್ಸಿಂದ ಗೋಪುರ ನೇಯ್ದ ಕಣ್ಣಿಗೆ ಇನ್ನೇನು ಕಾಣ್ತದೆ? ತುದಿ ಮೇಲಕ್ಕೆ ಬರೋ ಹಂಗೆ ಕಂಬಳೀನ ತಿರುಗಿಸಿಕೊಂಡು "ಏಳು ಜೋಡಿ ಗೋಪುರ" ಅಂತ ನೋಟ್‌ಬುಕ್ಕಲ್ಲಿ ಬರೆದೆ. ಕೆಳಗೆ ಗೀಟೂ ಹಾಕಿದೆ.

ಮೊನ್ನೆ ಚಳ್ಳಕೆರೇಲಿ ಮಹಿಳಾ ಸಂಘದೋರು ಒಂದು ಹಾಲ್ ಹಿಡಿದು ನನ್ನ ಕಂಬಳಿ ಎಲ್ಲಾ ನೇತುಹಾಕಿಸಿದ್ರು. ಕಾಲೇಜು ಹುಡುಗೀರು, ಮೇಷ್ಟ್ರುಗಳು, ಮಾರ್ಕೆಟ್ಟಿಗೆ ಬಂದೋರು, ಚೆನ್ನಾಗಿ ಜನ ಸೇರಿತ್ತು. ನಾನು ಒಳ್ಳೇ ಸೀರೆ ಉಟ್ಟು, ಕೈಯಲ್ಲಿ ಒಂದು ಕೋಲು ಹಿಡಿದು, ಕೊಂಡ್ಲಹಳ್ಳಿ ಕಂಬಳಿ ಮುಂದೆ ನಿಂತೆ.

"ನೋಡ್ರಿ ಇಲ್ಲಿ, ಚೂಪಾಗಿರೋದು ದೇವರ ಗುಡಿ. ಸೀಳಿರೋದು ಅಮ್ಮನವರ ಗುಡಿ. ಮದುವೆ ಕಂಬಳಿ ಅಲ್ವಾ, ಗಂಡು ಹೆಣ್ಣು ಏಳೇಳು ಜನ್ಮಕ್ಕೂ ಜೋಡಿಯಾಗಿರ್ಲಿ ಅಂತ ಏಳು ಜೋಡಿ. ಎಂಥಾ ಯೋಚನೆ ಅಂತೀರಿ ಆ ನೇಕಾರಂದು!"

ಜನ ತಲೆದೂಗ್ತಿದ್ರು. ಆಗ ಹಿಂದಿಂದ ಒಂದು ದನಿ ಬಂತು. "ಯಾವಳೇ ಅವಳು, ನನ್ನ ಕಂಬಳೀನ ತಲೆಕೆಳಗ್ಮಾಡಿ ಕಟ್ಟಿರೋಳು?"

ತಿರುಗಿ ನೋಡ್ತೀನಿ, ಸಣಕಲು ಮುದುಕಿ, ಕೈಯಲ್ಲಿ ಊರುಗೋಲು. ಪಕ್ಕದಲ್ಲಿ ಕಾಲೇಜು ಹುಡುಗಿ, "ಅಜ್ಜೀ, ಸುಮ್ನಿರಜ್ಜೀ, ಮೈಕ್ ಐತೆ" ಅಂತ ಸೆರಗು ಎಳೀತಿದ್ಲು. ಮುದುಕಿ ಹೆಸರು ಯರ್ರಮ್ಮ, ಆ ಹುಡುಗಿ ಅವಳ ಮೊಮ್ಮಗಳು ತೇಜಶ್ರೀ ಅಂತ ಆಮೇಲೆ ಗೊತ್ತಾಯ್ತು. ಆವಾಗ ನನಗೆ ಗೊತ್ತಾಗಿದ್ದು ನನ್ನ ತಲೆಗೆ ಏರಿದ ಸಿಟ್ಟು ಮಾತ್ರ.

"ದೊಡ್ಡವ್ವಾ, ನನಗೂ ನೇಯೋದು ಗೊತ್ತೈತೆ. ಗೋಪುರ ಯಾವ ಕಡೆ ಮಾಡಿ ನಿಲ್ತದೆ ಅಂತ ನನಗೆ ಯಾರೂ ಹೇಳಿಕೊಡೋದು ಬೇಡ" ಅಂದೆ.

"ಗೋಪುರಾನಾ?" ಅಂತ ಮುದುಕಿ ನಗೋಕೆ ಶುರು ಮಾಡಿದ್ಲು. ನಕ್ಕು ನಕ್ಕು ಕೆಮ್ಮು ಬಂತು. "ಯಪ್ಪಾ, ಅದನ್ನ ಒಸಿ ತಿರುವಿ ಹಾಕ್ರಪ್ಪ, ನೋಡಾಣ."

ನನ್ನ ಗಂಡ ಅನ್ನಿಸಿಕೊಂಡೋರು ನನ್ನ ಮುಖಾನೂ ನೋಡ್ಲಿಲ್ಲ. ಸ್ಟೂಲು ಹತ್ತಿ ಕಂಬಳೀನ ಬಿಚ್ಚಿ, ತಿರುಗಿಸಿ ಕಟ್ಟಿಬಿಟ್ರು. ತುದಿಗಳೆಲ್ಲಾ ಕೆಳಕ್ಕೆ ಬಂದ್ವು.

"ಕುರಿ ಕಿವಿ ಕಣವ್ವಾ ಅವು," ಅಂದ್ಲು ಯರ್ರಮ್ಮ. "ನಮ್ಮ ಕಡೆ ಕುರಿ ಕಿವಿ ಮ್ಯಾಲಕ್ಕೆ ನಿಲ್ತಾವೇನು? ಜೋತು ಬೀಳ್ತಾವೆ. ಏಳು ಕುರಿ, ಏಳು ಜೋಡಿ ಕಿವಿ."

"ಮತ್ತೆ ಆ ಸೀಳು?"

"ಅದು ಗುರುತು. ಮರಿ ಇದ್ದಾಗಲೇ ಒಂದು ಕಿವಿ ತುದಿ ಸೀಳಿಬಿಡ್ತಾರೆ. ನಾಕು ಮಂದೆ ಒಂದಾದ್ರೂ ನಮ್ಮ ಕುರಿ ನಮಗೆ ಸಿಗಬೇಕಲ್ಲ? ಒಂದೊಂದು ಮನೇದು ಒಂದೊಂದು ಗುರುತು. ನಮ್ಮಪ್ಪನ ಮನೇದು ಎಡಗಿವಿ ಸೀಳು. ಅದನ್ನೇ ಕಂಬಳೀಗೂ ನೇಯ್ತಾರೆ."

ಅಯ್ಯೋ ನನ್ನ ಕರ್ಮವೇ! ಕುರಿ ಕಿವಿಗೆ ಅಮ್ಮನವರ ಗುಡಿ ಅಂತ ಕೈ ಮುಗಿಸಿದ್ನಲ್ಲ ನಾನು! ಹಾಲೆಲ್ಲಾ ಗೊಳ್ ಅಂತು. ನನಗೂ ತಡಕೊಳ್ಳೋಕೆ ಆಗ್ಲಿಲ್ಲ, ಕೋಲು ಬಿಸಾಕಿ ಹೊಟ್ಟೆ ಹಿಡಕೊಂಡು ನಕ್ಕೆ. ಎಡ ಯಾವುದು ಬಲ ಯಾವುದು ಅಂತ ನಾನೂ ನೋಡ್ಲಿಲ್ಲ, ಅವಳೂ ನೋಡ್ಲಿಲ್ಲ. ಯಾರಿಗೂ ಅಷ್ಟು ಗ್ಯಾನ ಇರಲಿಲ್ಲ.

ಜನ ಕರಗಿದ ಮೇಲೆ ಟೀ ತರಿಸಿ ಅಜ್ಜೀನ ಪಕ್ಕ ಕೂರಿಸಿಕೊಂಡೆ. "ದೊಡ್ಡವ್ವಾ, ನನ್ನ ಕಂಬಳಿ ಅಂದ್ರಲ್ಲ, ನಿಮ್ಮ ಮನೇಲಿ ನೇಯ್ದಿದ್ದಾ?" ಅಂದೆ.

"ನಾನೇ ನೇಯ್ದಿದ್ದು" ಅಂದ್ಲು. ಅಂದು ನನ್ನ ಮುಖಾನೇ ನೋಡ್ತಾ ಕೂತ್ಲು, ನಾನು ನಗ್ತೀನೇನೋ ಅಂತ.

ನಾನು ಯಾಕೆ ನಗ್ಲಿ? ನಮ್ಮ ಮೊಳಕಾಲ್ಮೂರಲ್ಲಿ ಹೆಂಗಸರು ಮಗ್ಗಕ್ಕೆ ಕೂರದಿದ್ರೆ ಒಲೇನೇ ಉರಿಯಲ್ಲ. ಆದ್ರೆ ಯರ್ರಮ್ಮನ ಹಟ್ಟೀಲಿ ಹಂಗಲ್ಲವಂತೆ. ಹೆಂಗಸರು ಉಣ್ಣೆ ಬಿಡಿಸಬಹುದು, ನೂಲು ತೆಗೀಬಹುದು, ಎಳೆ ಬಿಗಿಯಾಗೋಕೆ ಹಚ್ಚೋ ಹುಣಸೆ ಬೀಜದ ಗಂಜಿ ಕಾಸಬಹುದು. ನೇಯೋರು ಕಾಲು ಇಳಿಬಿಟ್ಟು ಕೂರೋ ಮಗ್ಗದ ಗುಂಡಿಗೆ ಮಾತ್ರ ಇಳೀಬಾರದು. ಅದು ಗಂಡಸರ ಜಾಗ.

ಅವಳಿಗೆ ಹದಿನೇಳಿದ್ದಾಗ ಕೊಂಡ್ಲಹಳ್ಳಿಯಿಂದ ಮದುವೆ ಕಂಬಳಿಗೆ ಹೇಳಿಕಳಿಸಿದ್ರು. ಅಪ್ಪ ಹಾಸು ಹೂಡಿದ. ಹಾಸು ಅಂದ್ರೆ ಮಗ್ಗಕ್ಕೆ ಉದ್ದಕ್ಕೆ ಬಿಗಿಯೋ ಎಳೆ, ಅಡ್ಡಕ್ಕೆ ಹೋಗೋದು ಹೊಕ್ಕು. ಹಾಸು ಹೂಡಿದ ಮಾರನೇ ದಿನವೇ ಮನೆ ಟಗರು ಗುದ್ದಿ ಅಪ್ಪನ ಬಲಗೈ ಮುರೀತು. ತಮ್ಮ ಸಣ್ಣತಿಮ್ಮಪ್ಪ ಮಂದೆ ಜೊತೆ ದೂರದ ಸೀಮೆಗೆ ಹೋಗಿದ್ದ, ಮನೇಲಿ ಬೇರೆ ಗಂಡಸು ಇಲ್ಲ, ಮದುವೆಗೆ ಹದಿನೈದೇ ದಿನ. ಬಾಗಿಲು ಹಾಕಿಕೊಂಡು ಯರ್ರಮ್ಮನೇ ಗುಂಡಿಗಿಳಿದು ಪೂರ್ತಿ ನೇಯ್ದ್ಲು. ಅಪ್ಪ ಜ್ವರದಲ್ಲಿ ಮಲಗಿದ್ದ, ಎದ್ದು ಬಂದು ನೋಡೋ ಸ್ಥಿತೀಲಿ ಇರಲಿಲ್ಲ. ಕಂಬಳಿ ಗಾಡೀಲಿ ಕೊಂಡ್ಲಹಳ್ಳಿಗೆ ಹೋಯ್ತು.

"ಹೆಣ್ಣು ನೇಯ್ದದ್ದು ಅಂದ್ರೆ ಮದುವೆಮನೆಯೋರು ವಾಪಸ್ ಕಳಿಸ್ತಾರೆ, ಬಾಯಿ ಬಿಡಬ್ಯಾಡ ಅಂದ ಅಪ್ಪ. ನಾನು ಬಿಡ್ಲಿಲ್ಲ. ಯಾರೋ ಕೇಳಿದ್ರು ಅಂತ, ಒಂದೇ ಕೈಯಾಗೆ ನಾನೇ ನೇಯ್ದೆ ಅಂದ. ಆಯ್ತು, ಅದೇ ನಿಂತುಬಿಡ್ತು. ವರ್ಷ ತುಂಬೋದ್ರೊಳಗೆ ಅಪ್ಪಾನೂ ಹೋಗಿಬಿಟ್ಟ."

ಸಣ್ಣತಿಮ್ಮಪ್ಪ ಊರಿಗೆ ಬಂದಾಗ ಕೇಳಿದ್ದು ಅಪ್ಪನ ಒಂಟಿ ಕೈ ಕಥೆ. ಅದನ್ನ ಎದೇಲಿ ಇಟ್ಟುಕೊಂಡ. ಅರವತ್ತು ವರ್ಷದಿಂದ ಯಾವ ಮದುವೆ, ಯಾವ ನಾಮಕರಣ ಆದ್ರೂ ಮೀಸೆ ತಿರುವಿ ಅದೇ ಕಥೆ ಹೇಳ್ತಾನಂತೆ. ಯರ್ರಮ್ಮ "ನಾನು ನೇಯ್ದಿದ್ದು ಕಣೋ" ಅಂದಾಗಲೆಲ್ಲಾ ಊರೇ ನಕ್ಕೈತೆ. ಒಂಬತ್ತು ವರ್ಷದ ಹಿಂದೆ ಒಂದು ನಾಮಕರಣದಲ್ಲಿ ನೂರು ಜನದ ಮುಂದೆ, "ನಮ್ಮಕ್ಕನಿಗೆ ವಯಸ್ಸಾತು, ಕನಸು ಯಾವುದು ನನಸು ಯಾವುದು ತಿಳಿಯಂಗಿಲ್ಲ" ಅಂದುಬಿಟ್ಟ. ಎಲೆ ಮುಂದಿಂದ ಎದ್ದು ಬಂದವಳು ಆಮೇಲೆ ಅವನ ಹೊಸಲು ತುಳಿದಿಲ್ಲ. ಅವಳನ್ನ ಸೋದರಮಾವನಿಗೇ ಕೊಟ್ಟಿದ್ದರಿಂದ ತವರು ಇರೋದು ಅದೇ ಬೀದೀಲಿ, ಮೂರು ಮನೆ ಆಚೆಗೆ.

"ಕಂಬಳಿ ನೀವು ತಗೊಂಡು ಹೋಗಿ ದೊಡ್ಡವ್ವಾ" ಅಂದೆ. ನನ್ನ ಬಾಯಿಂದ ಆ ಮಾತು ಬಂದಿದ್ದು ಕೇಳಿ ನಮ್ಮ ಯಜಮಾನ್ರು ಟೀ ಚೆಲ್ಲಿಕೊಂಡ್ರು.

"ನನಗ್ಯಾಕೆ ತಾಯಿ ಕಂಬಳಿ? ಎಪ್ಪತ್ತೆಂಟಾತು. ನಾನು ನೇಯ್ದೆ ಅನ್ನೋದು ನನ್ನ ತಮ್ಮನ ಬಾಯಾಗೆ ಬರಬೇಕು. ಅದು ಕೇಳದಂಗೆ ಸತ್ರೆ ನನ್ನ ಜೀವ ಮಗ್ಗದ ಗುಂಡಿಯಾಗೇ ಸುತ್ತತಿರ್ತದೆ." ಕಣ್ಣಲ್ಲಿ ನೀರಿತ್ತು. ಸಿಟ್ಟೂ ಇತ್ತು.

ನನಗಂತೂ ಮೈಯೆಲ್ಲಾ ಉರಿದುಹೋಯ್ತು. ನೇಯ್ದ ಕೈಗೆ ನೇಯ್ದೆ ಅನ್ನೋ ಹೆಸರೂ ಇಲ್ಲ ಅಂದ್ರೆ ಏನು ನ್ಯಾಯ? "ಭಾನುವಾರ ಆಟೋ ತಗೊಂಡು ಬರ್ತೀನಿ. ನಿಮ್ಮ ತಮ್ಮನ ಮುಂದೆ ಈ ಕಂಬಳಿ ಹಾಸ್ತೀನಿ. ಅವನು ಹೆಂಗೆ ಒಪ್ಪಲ್ಲವೋ ನಾನೂ ನೋಡ್ತೀನಿ" ಅಂತ ಜಂಬ ಕೊಚ್ಚಿದೆ.

ಭಾನುವಾರ ಹೊರಟ್ವಿ. ಉಳ್ಳಾರ್ತಿ ಹುಲ್ಲುಗಾವಲಿನ ಬೇಲಿ ಪಕ್ಕದ ರಸ್ತೇಲಿ ಹೋಗಿ ಹಟ್ಟಿ ಮುಟ್ಟೋ ಹೊತ್ತಿಗೆ ಬಿಸಿಲು ಏರಿತ್ತು. ಸಣ್ಣತಿಮ್ಮಪ್ಪ ಮನೆ ಮುಂದಿನ ಕಟ್ಟೆ ಮೇಲೆ ಕೂತಿದ್ದ. ಎಪ್ಪತ್ತೈದರ ಗಟ್ಟಿ ಆಳು, ತಲೆಗೆ ಕೆಂಪು ರುಮಾಲು, ಮೀಸೆ ಅಂತೂ ಒಂದು ಮಾರು. ಅವನ ಮಗ ಓಬಳೇಶ ಒಳಗೆ ಮಗ್ಗದಲ್ಲಿದ್ದ. ಯರ್ರಮ್ಮ ಮೊಮ್ಮಗಳ ಕೈ ಹಿಡಕೊಂಡು ಬಂದ್ಲು, ಆದ್ರೆ ಅಂಗಳಕ್ಕೆ ಕಾಲಿಡ್ಲಿಲ್ಲ. ಬೀದಿ ಕಲ್ಲಿನ ಮೇಲೆ ಕೂತ್ಲು, ಬೆನ್ನು ನೆಟ್ಟಗೆ ಮಾಡಿಕೊಂಡು.

ನಾನು ಕಟ್ಟೆ ಮೇಲೆ ಕಂಬಳಿ ಹಾಸಿ, "ಯಜಮಾನ್ರೆ, ಕೊಂಡ್ಲಹಳ್ಳಿ ದೊಡ್ಡಪಾಲಯ್ಯನೋರ ಮನೇಲಿ ಸಿಕ್ತು. ನಿಮ್ಮ ಹಟ್ಟೀದಂತೆ" ಅಂದೆ, ಅಷ್ಟೇ.

ಮುದುಕ ಎದ್ದು ನಿಂತ. ಬಗ್ಗಿ ಅಂಚು ಮುಟ್ಟಿದ. ಬದಿಯ ಎಳೆಗಳ ಮೇಲೆ ಬೆರಳಾಡಿಸಿದ. "ಲೇ ಓಬ್ಳಾ! ಬಾರಲೇ ಹೊರಗೆ! ಮೂರು ಕಂದು ಎಳೆ! ನಮ್ಮಪ್ಪ ಬಿಟ್ರೆ ಯಾರೂ ಹಾಸಿನಾಗೆ ಮೂರು ಕಂದು ಎಳೆ ಹಾಕ್ತಿರಲಿಲ್ಲ! ದೇವರಾಣೆ, ಇದು ನಮ್ಮಪ್ಪನ ಒಂಟಿ ಕೈ ಕಂಬಳಿ ಕಣ್ರಪ್ಪಾ!" ದನಿ ಬೀದಿ ತುದಿಗೆ ಮುಟ್ಟಿತು. ಜನ ಬಂದ್ರು. ನಾನು ಬಾಯಿ ಬಿಡೋ ಮುಂಚೆ ಅವನ ಕಥೆ ಶುರುವಾಗೇ ಹೋಯ್ತು. ಟಗರು ಗುದ್ದಿದ್ದು, ಕೈ ಮುರಿದಿದ್ದು, ಅಪ್ಪ ಹಲ್ಲಲ್ಲಿ ನೂಲು ಕಚ್ಚಿ ಎಡಗೈಯಲ್ಲಿ ಲಾಳಿ ಎಸೆದಿದ್ದು. ಹೇಳೋವಾಗ ಅವನ ಕಣ್ಣು ತುಂಬಿ ಬಂತು. ಸುಳ್ಳು ಹೇಳೋನ ಕಣ್ಣಲ್ಲ ಅದು. ಪಾಪ, ನಂಬಿದ್ದ ಆ ಮನುಷ್ಯ.

ಬೀದಿಯಿಂದ ಯರ್ರಮ್ಮ ಕೂಗಿದ್ಲು. "ಹಾಸು ಅಪ್ಪಂದು. ಹೊಕ್ಕು ನಂದು."

"ಮತ್ತೆ ಶುರು ಹಚ್ಚಿಕೊಂಡ್ಲು ನೋಡ್ರಪ್ಪಾ," ಅಂದ ತಮ್ಮ. ಜನ ನಕ್ಕರು. "ಓಬ್ಳಾ, ನಮ್ಮ ಮನೆ ಕಂಬಳಿ ತಾ. ಅಪ್ಪನ ಕೈಯಾಗಿಂದು ಇನ್ನೊಂದು ಐತಲ್ಲ, ಅದು. ಪಕ್ಕದಾಗೆ ಇಟ್ಟು ತೋರಿಸ್ತೀನಿ, ಅದೇ ಕೈ, ಅದೇ ಗುರುತು."

ಓಬಳೇಶ ತಂದು ಪಕ್ಕದಲ್ಲಿ ಹಾಸಿದ. ಎರಡರ ಕಿವಿಗಳೂ ಕೆಳಕ್ಕೆ ಜೋತಿದ್ವು. ಸಣ್ಣತಿಮ್ಮಪ್ಪ ಒಂದು ಸಲ ಅದನ್ನ ನೋಡಿದ, ಒಂದು ಸಲ ಇದನ್ನ ನೋಡಿದ. ಅವರ ಮನೆ ಕಂಬಳೀಲಿ ಸೀಳು ಎಡಕ್ಕಿತ್ತು. ನಾನು ತಂದದ್ದರಲ್ಲಿ ಬಲಕ್ಕೆ. ಏಳಕ್ಕೆ ಏಳೂ ಬಲಕ್ಕೆ.

"ಹಿಂಬದಿ ಮ್ಯಾಲೆ ಮಾಡಿ ಹಾಸೀಯಾ ನೋಡಮ್ಮ," ಅಂದ.

ನಾನು ಮಗುಚಿದೆ. ಕೈಯಾಡಿಸಿದೆ. ಬಿಳೀ ಉಣ್ಣೆ ಕಿವಿಯಿಂದ ಕಿವಿಗೆ ದಾಟೋ ಕಡೆ ಉಳಿದ ಎಳೆ ತುದಿಗಳು ಎಲ್ಲಾ ಅಡಿಬದೀಲೇ ಸಿಕ್ಕಿಸಿದ್ರು. ರೇಷ್ಮೆ ಆಗ್ಲಿ ಉಣ್ಣೆ ಆಗ್ಲಿ, ಹಿಂಬದಿ ಅಂದ್ರೆ ಹಿಂಬದಿ. "ಇಲ್ಲ ಯಜಮಾನ್ರೆ, ನಾನು ಮೊದಲು ಹಾಸಿದ್ದೇ ಮುಖ" ಅಂದೆ. ಓಬಳೇಶನೂ ಮುಟ್ಟಿ ನೋಡಿ, "ಹೌದಪ್ಪಾ, ಅಮ್ಮಾರು ಹೇಳಿದ್ದೇ ಸರಿ" ಅಂದ.

"ಹಂಗಾದ್ರೆ ಇದು ನಮ್ಮದಲ್ಲ. ಬಲಗಿವಿ ಸೀಳು ಮ್ಯಾಲಿನ ಹಟ್ಟಿಯೋರದು."

"ಈಗ ತಾನೇ ದೇವರಾಣೆ ಹಾಕಿದ್ರಲ್ಲ? ಮೂರು ಕಂದು ಎಳೆ ಎಲ್ಲಿಗೆ ಹೋಯ್ತು?"

ಮುದುಕ ಚಡಪಡಿಸಿದ. "ಹಾಸು ನಮ್ಮಪ್ಪಂದೇ, ಅದರಾಗೆ ಎರಡು ಮಾತಿಲ್ಲ. ಆದ್ರೆ ನಮ್ಮಪ್ಪ ಪ್ರಾಣ ಹೋದ್ರೂ ಬಲಗಿವಿ ಸೀಳು ನೇಯೋನಲ್ಲ!"

"ಹಂಗಾದ್ರೆ ನೇಯ್ದೋರು ನಿಮ್ಮಪ್ಪ ಅಲ್ಲ" ಅಂದೆ. ನನ್ನ ದನಿ ಎಷ್ಟು ಜೋರಾಗಿತ್ತು ಅಂದ್ರೆ, ಯಜಮಾನ್ರು ಹಿಂದಿಂದ "ಮೆಲ್ಲಗೇ, ಮೆಲ್ಲಗೆ" ಅಂದ್ರು.

ಆದ್ರೆ ಆ ಮುದುಕ ಕುರಿ ಕಾಯ್ದು ಕಾಯ್ದು ಚೆನ್ನಾಗಿ ಪಳಗಿದೋನು. ಬೀದಿ ಕಡೆ ತಿರುಗಿ ಅಕ್ಕನಿಗೆ ಬೆರಳು ತೋರಿಸಿದ. "ಸರಿ, ಇವಳೇ ನೇಯ್ದ್ಲು ಅಂತ ಇಟ್ಕಳ್ರಿ. ಕುರಿ ಮನೆಯಾಗೆ ಹುಟ್ಟಿದೋಳು, ಹುಟ್ಟಿದ ಮನೆ ಗುರುತು ಎಡಗಿವಿನಾ ಬಲಗಿವಿನಾ ತಿಳೀದಂಗೆ ನೇಯ್ತಾಳಾ? ಒಂದಲ್ಲ, ಏಳೂ ತಪ್ಪಾ? ಹೇಳ್ರಪ್ಪಾ ನೀವೇ!"

ಜನ "ಅದೂ ಸರಿ ಐತೆ" ಅಂದ್ರು. ನಾನು ಯರ್ರಮ್ಮನ ಕಡೆ ನೋಡಿದೆ. ಅವಳು ತೇಜಶ್ರೀ ಕೈ ಬಿಡಿಸಿಕೊಂಡು ಎದ್ದು ಬಂದು, ಎರಡು ಕಂಬಳೀನೂ ಬಗ್ಗಿ ನೋಡ್ತಿದ್ಲು. ಅಂಗಳ ದಾಟಿದ್ದು ಅವಳಿಗೇ ಗೊತ್ತಿರಲಿಲ್ಲ. "ನಾನು ಎಡಗಿವೀನೇ ನೇಯ್ದೆ," ಅಂತ ತನಗೇ ಹೇಳಿಕೊಳ್ತಿದ್ಲು. "ಕಣ್ಣಾಗೆ ಇದ್ದಂಗೇ ನೇಯ್ದೆನಲ್ಲ. ಹೆಂಗೆ ಬಲಕ್ಕೆ ಬಂತು?"

ನಾನೇ ಈ ಮುದುಕೀನ ಊರ ಮುಂದೆ ತಂದು ಕೆಡವಿದ್ನಲ್ಲಾ ಅನ್ನಿಸ್ತು. ಒಪ್ಪಿಸ್ತೀನಿ ಅಂತ ಜಂಬ ಕೊಚ್ಚಿದ ಬಾಯಿಗೆ ಹೊಲಿಗೆ ಹಾಕಬೇಕು ಅನ್ನಿಸ್ತು. "ಬಾ ದೊಡ್ಡವ್ವಾ, ಹೋಗಾಣ" ಅಂತ ತೋಳು ಹಿಡಿದೆ.

ಅವಳು ನನ್ನ ಕೈ ಕೊಡವಿದ್ಲು. ತಲೆ ಎತ್ತಿ ತಮ್ಮನನ್ನ ನೋಡಿದ್ಲು. ಅವನು ಅವಳ ಎದುರಿಗೇ ನಿಂತಿದ್ದ, ಮೊಳ ದೂರದಲ್ಲಿ, ಮೀಸೆ ಮೇಲೆ ಕೈ. ಅವಳು ಅವನನ್ನ ನೋಡ್ತಾನೇ ಇದ್ಲು, ನೋಡ್ತಾನೇ ಇದ್ಲು. ಊರುಗೋಲು ನೆಲಕ್ಕೆ ಬಿತ್ತು. ಬಲಗೈ ಚಾಚಿ, ರುಮಾಲಿನ ಕೆಳಗೆ ಕೈ ಹಾಕಿ, ಅವನ ಕಿವಿ ಹಿಡಿದು ಹಿಂಡಿಬಿಟ್ಲು!

"ಅಯ್ಯಯ್ಯಪ್ಪಾ! ಬಿಡಕ್ಕಾ! ಜನ ನೋಡ್ತಾ ಅವ್ರೆ!"

"ನೋಡ್ಲಿ. ಲೇ ಸಣ್ಣಾ, ಇದು ಯಾವ ಕಿವಿ?"

"ನೋಯ್ತದೆ ಬಿಡಕ್ಕಾ!"

"ಯಾವ ಕಿವಿ ಹೇಳಲೇ!"

"ಎಡಗಿವಿ!"

"ಹಿಡಿದಿರೋ ಕೈ ಯಾವುದು?"

ಮುದುಕ ಕಣ್ಣು ಓರೆ ಮಾಡಿ ಅವಳ ತೋಳಿನ ಉದ್ದಕ್ಕೂ ನೋಡಿದ. "ನಿನ್ನ ಬಲಗೈ," ಅಂದ ಮೆಲ್ಲಗೆ.

"ನೀನೂ ಅಪ್ಪಾನೂ ಮಂದೆ ಹಿಂದೆ ಹೋದೋರು. ನೀವು ನೋಡಿದ್ದು ಬರೀ ಬೆನ್ನು. ಹಿಂದಿಂದ ನೋಡಿದ್ರೆ ಎಡಗಿವಿ ಎಡಕ್ಕೇ ಇರ್ತದೆ. ನಾನು ಮನೇಲಿ ಕೂತೋಳು. ತಾಯಿ ಸತ್ತ ಮರಿಗಳನ್ನ ಮುಂದೆ ನಿಲ್ಲಿಸಿಕೊಂಡು, ಹಿಂಗೇ ಗದ್ದ ಎತ್ತಿ ಹಿಡಿದು, ಬಟ್ಟೆ ಅದ್ದಿ ಅದ್ದಿ ಹಾಲು ಚೀಪಿಸಿದೋಳು. ನಾನು ನೋಡಿದ್ದು ಅವುಗಳ ಮುಖ ಕಣಲೇ. ಅವುಗಳ ಎಡಗಿವಿ ನನ್ನ ಬಲಕ್ಕಿತ್ತು. ನಾನು ಕಂಡಂಗೆ ನೇಯ್ದೆ."

ನನಗೆ ಅಲ್ಲೇ ಕುಣೀಬೇಕು ಅನ್ನಿಸ್ತು. ನಮ್ಮ ಯಜಮಾನ್ರು ನನ್ನ ಸೆರಗಲ್ಲೇ ಕಣ್ಣೊರೆಸಿಕೊಂಡ್ರು.

ಸಣ್ಣತಿಮ್ಮಪ್ಪ ಅಕ್ಕನ ಮುಖಾನೇ ನೋಡ್ತಿದ್ದ. ಅಷ್ಟು ಹತ್ತಿರದಿಂದ ಅವನು ಆ ಮುಖ ನೋಡಿ ಎಷ್ಟು ವರ್ಷ ಆಗಿತ್ತೋ ಏನೋ. "ಅರವತ್ತು ವರ್ಷ ಕುರಿ ಕಾಯ್ದೆ ಕಣಕ್ಕಾ," ಅಂದ. "ಒಂದರ ಮುಖಾನೂ ಹಿಂಗೆ ನೋಡ್ಲಿಲ್ಲ ನಾನು."

ಆಮೇಲೆ, ಕಿವಿ ಅವಳ ಕೈಲಿರೋ ಹಂಗೇ, ಎಷ್ಟು ತಿರುಗೋಕೆ ಆಗ್ತದೋ ಅಷ್ಟು ಬೀದಿ ಕಡೆ ತಿರುಗಿ, ದೊಡ್ಡ ಗಂಟಲಲ್ಲಿ ಕೂಗಿದ. "ಕೇಳ್ರಪ್ಪಾ ಎಲ್ಲಾ! ಕೊಂಡ್ಲಹಳ್ಳಿ ಕಂಬಳಿ ನಮ್ಮಕ್ಕ ನೇಯ್ದಿದ್ದು!"

"ಆ ಕೊನೇ ಮನೆಯೋರಿಗೆ ಕೇಳಿಸ್ಲಿಲ್ಲ" ಅಂದ್ಲು ಯರ್ರಮ್ಮ, ಕಿವಿ ಬಿಡದೆ.

ಅವನು ಮತ್ತೆ ಕೂಗಿದ.